ಕಂಬಿಗೆ ಕಟ್ಟಿದ ಬಟ್ಟೆ

ಜನವರಿ ೮, ಬುಧವಾರ

ಬರೆಯುವ ಚಟ ನನಗಿಲ್ಲ. ಆದರೆ ದಿನವಿಡೀ ನನ್ನ ಗೊಣಗಾಟ ಸಹಿಸುತ್ತಿದ್ದ ಗುಬ್ಬಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮನೆಯಲ್ಲಿ ಕೂತಿದ್ದಾಳೆ. ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ನಮ್ಮ ಯಜಮಾನರಿಗೆ ಬಸ್ ಡಿಪೋದಲ್ಲಿ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಎತ್ತಿಕೊಂಡೆ.

ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಒದ್ದೆ ಬೆಡ್‌ಶೀಟಿನ ಒಂದು ತುದಿ ನಾನು, ಇನ್ನೊಂದು ತುದಿ ಗುಬ್ಬಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುತ್ತೇವೆ. ಅದು ಆ ಬದಿಯಲ್ಲಿ ಇಸ್ತ್ರಿಯಾಗಿ ಹೊರಬೀಳುತ್ತದೆ. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಂಬಿ ಇದೆ. ಕೈ ತಗುಲಿದರೆ ರೋಲರ್ ನಿಲ್ಲಲಿ ಎಂದು ಇಟ್ಟ ಕಂಬಿ. ಆದರೆ ಶೀಟು ಸ್ವಲ್ಪ ಉಂಡೆಯಾಗಿ ತಗುಲಿದರೂ ಅದು ನಿಲ್ಲಿಸಿಬಿಡುತ್ತದೆ. ಆಮೇಲೆ ಮೆಕ್ಯಾನಿಕ್ ಬಂದು ಕೀಲಿ ತಿರುಗಿಸುವ ತನಕ ಬಾಯಿ ಬಾಯಿ ಬಿಡುತ್ತಾ ನಿಲ್ಲಬೇಕು, ದಿನದ ಗುರಿ ಗೋವಿಂದ. ಅದಕ್ಕೇ ಎಲ್ಲ ರೋಲರುಗಳಲ್ಲೂ ಹರಿದ ಶೀಟಿನ ಪಟ್ಟಿಯಿಂದ ಕಂಬಿಯನ್ನು ಅಲುಗದಂತೆ ಬಿಗಿದು ಕಟ್ಟಿರುತ್ತೇವೆ. ಹೊಸಬರಿಗೆ ಆ ಗಂಟು ಹೇಳಿಕೊಡುವವನೇ ನಮ್ಮ ಮೇಲ್ವಿಚಾರಕ. ಅವನಿಗೆ ನಾವು ಇಟ್ಟ ಹೆಸರು ಸೀಟಿ. ಆ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ಸದಾ ಸೀಟಿ ಊದುತ್ತಿರುತ್ತಾನೆ.

ಸೋಮವಾರ ಗುಬ್ಬಿಯ ಬಲಗೈ ಶೀಟಿನ ಅಂಚಿಗೆ ಸಿಕ್ಕಿ ರೋಲರಿನ ಬಾಯಿಗೆ ಎಳೆದುಕೊಂಡು ಹೋಯಿತು. ಕಂಬಿ ಕಟ್ಟಿತ್ತು, ರೋಲರ್ ನಿಲ್ಲಲಿಲ್ಲ. ನಾನು ಓಡಿಹೋಗಿ ಗೋಡೆಯ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಅಂಗೈ ಬೆಂದಿತ್ತು. ಇವತ್ತು ಕಚೇರಿಯ ಮಾತು ಬಂತು: ಕಂಬಿ ಕಟ್ಟಿದ್ದು ಅವಳ ತಪ್ಪು, ಆದ್ದರಿಂದ ಕೆಲಸದಿಂದ ಅಮಾನತು.

ಗೇಟಿನಲ್ಲಿ ಉದ್ದಣ್ಣ ಹಿಡಿದು ನಿಲ್ಲಿಸಿದ. ಬಟ್ಟೆ ಒಗೆಯುವ ವಿಭಾಗದವನು, ಯೂನಿಯನ್ ಕಟ್ಟುತ್ತೇನೆ ಎಂದು ವರ್ಷದಿಂದ ಎಲ್ಲರ ಕಿವಿ ಕೊರೆಯುತ್ತಿದ್ದಾನೆ. "ಮೆಣಸಕ್ಕ, ಈಗಲಾದ್ರೂ ಬನ್ನಿ" ಎಂದ. ನನಗೂ ಒಂದು ಹೆಸರು ಇಟ್ಟಿದ್ದಾರಲ್ಲ. "ನಿನ್ನ ಯೂನಿಯನ್ ನೀನೇ ಇಟ್ಕೊ" ಎಂದು ಬಂದೆ. ನಾನು ಯಾರ ತಂಟೆಗೂ ಹೋಗುವವಳಲ್ಲ. ನಾಳೆ ನಾಡಿದ್ದರಲ್ಲಿ ನಾನೇ ಮ್ಯಾನೇಜರನ್ನು ಕಂಡು ಸರಿ ಮಾಡಿಸುತ್ತೇನೆ.

ಜನವರಿ ೧೦, ಶುಕ್ರವಾರ

ಕಂಡೆ. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋಗಿದ್ದೆ. "ಕೂತ್ಕೊಳ್ಳಿ ತಾಯಿ, ಟೀ ತಗೊಳ್ಳಿ" ಎಂದು ಕುರ್ಚಿ ಎಳೆದುಕೊಟ್ಟ. ಅಷ್ಟು ಮೆತ್ತನೆಯ ಕುರ್ಚಿಯಲ್ಲಿ ಕೂತು ಜಗಳ ಆಡುವುದು ಹೇಗೆ?

"ಕಂಬಿ ಎಲ್ಲರೂ ಕಟ್ತಾರೆ ಸಾರ್. ಕಟ್ಟದಿದ್ರೆ ನೀವು ಹೇಳಿದಷ್ಟು ಕೆಲಸ ಮುಗಿಯಲ್ಲ."

"ಇರಬಹುದು. ಆದ್ರೆ ನೋಡಿ, ಇಷ್ಟು ಜನ ಇದ್ದಾರೆ, ಯಾರಿಂದ್ಲೂ ದೂರಿಲ್ಲ. ನೀವೊಬ್ರೇ ಬಂದು ಹೇಳ್ತಿರೋದು."

ನನಗೇ ಏನೋ ತಲೆ ಕೆಟ್ಟಿದೆ, ಉಳಿದವರೆಲ್ಲ ನೆಮ್ಮದಿಯಾಗಿದ್ದಾರೆ ಅನ್ನಿಸಿತು. ಕೊನೆಗೆ ಅವನು, "ಆವತ್ತು ಅವರೇ ಕಟ್ಟಿದ್ದನ್ನ ನೀವು ನೋಡಿದ್ರಿ ಅಂತ ಒಂದು ಸಾಲು ಹೇಳಿಬಿಡಿ, ಮುಗಿದುಹೋಗುತ್ತೆ" ಎಂದ. ಟೀ ಅರ್ಧಕ್ಕೆ ಬಿಟ್ಟು ಎದ್ದೆ. ನೋಡಿದ್ದು ನಿಜ. ನಾನು ಎಡಗಡೆ ಗಂಟು ಹಾಕಿದೆ, ಅವಳು ಬಲಗಡೆ ಹಾಕಿದಳು.

ಜನವರಿ ೧೩, ಸೋಮವಾರ

ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ ಎಂದುಕೊಂಡಿದ್ದೆ. ಇದ್ದಾರೆ, ಲಾಂಡ್ರಿಯ ತುಂಬ ಇದ್ದಾರೆ.

ಟೀ ಹೊತ್ತಿನಲ್ಲಿ ಮಡಿಸುವ ಸಾಲಿನ ದೊಡ್ಡಮ್ಮನ ಪಕ್ಕ ಕೂತಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಮೊಣಕಾಲು ನೋವಿನವಳು. ಮ್ಯಾನೇಜರ್ ಹೀಗಂದ ಎಂದು ಹೇಳುತ್ತಿದ್ದಂತೆ ಅವಳು ಲೋಟ ಕೆಳಗಿಟ್ಟಳು. "ನಂಗೂ ಅದನ್ನೇ ಅಂದಿದ್ದ ಕಣೇ! ಕೂರೋಕೆ ಒಂದು ಸ್ಟೂಲ್ ಕೇಳೋಕೆ ಹೋಗಿದ್ದೆ. ನೀವೊಬ್ರೇ ಕೇಳ್ತಿರೋದು ಅಂದ." ಬಾಯ್ಲರಿನವನು ಬೆಂಕಿ ಹತ್ತಿರ ಗಾಳಿಯಿಲ್ಲ ಎಂದು ಹೇಳಲು ಹೋಗಿದ್ದನಂತೆ. ಅವನೂ ಒಬ್ಬನೇ. ಗಾಡಿಗೆ ಬಟ್ಟೆ ತುಂಬುವವನೂ ಒಬ್ಬನೇ. ಉದ್ದಣ್ಣ ಮೂಲೆಯಲ್ಲಿ ನಿಂತು ನಗುತ್ತಿದ್ದ.

ಎಲ್ಲರೂ ಗುಟ್ಟಾಗಿ ಹೋಗಿ, ಎಲ್ಲರೂ ಅದೇ ಕುರ್ಚಿಯಲ್ಲಿ ಕೂತು, ಅದೇ ಟೀ ಕುಡಿದು, ಮುಖ ಸಣ್ಣ ಮಾಡಿಕೊಂಡು ಬಂದವರೇ. ಒಬ್ಬರಿಗೊಬ್ಬರು ಹೇಳಿಕೊಳ್ಳಲು ನಾಚಿಕೆ. ಎಷ್ಟು ಸಲೀಸಾಗಿ ನಮ್ಮ ಕಿವಿಗೆ ಹೂವಿಟ್ಟ! ಮೈಯೆಲ್ಲ ಉರಿದುಹೋಯಿತು. ಅಲ್ಲೇ ಉದ್ದಣ್ಣನನ್ನು ಕೇಳಿದೆ, ಯೂನಿಯನ್ನಿನ ಭಾನುವಾರದ ಸಭೆ ಎಲ್ಲಿ ಅಂತ. ಸೇರುವುದಕ್ಕಲ್ಲ, ಸುಮ್ಮನೆ ಕೇಳುವುದಕ್ಕೆ.

ಜನವರಿ ೧೬, ಗುರುವಾರ

ಕೆಲಸದಿಂದ ನೇರ ಗುಬ್ಬಿಯ ಮನೆಗೆ ಹೋದೆ. ತನ್ನ ಅಕ್ಕನ ಮನೆಯ ಹೊರಕೋಣೆಯಲ್ಲಿದ್ದಾಳೆ. "ಬಲಗೈಗೆ ರಜೆ ಸಿಕ್ಕಿದೆ ಅಕ್ಕ, ಎಡಗೈಗೆ ಹೊಟ್ಟೆಕಿಚ್ಚು" ಎಂದು ನಕ್ಕಳು. ತಲೆ ಬಾಚಿಕೊಟ್ಟೆ. ಬಾಚುತ್ತಿರುವಾಗ ಮೆಲ್ಲನೆ ಹೇಳಿದಳು, ತಪ್ಪು ಒಪ್ಪಿಕೊಂಡು ರಾಜೀನಾಮೆ ಕೊಟ್ಟುಬಿಡುತ್ತೇನೆ, ನನ್ನಿಂದ ನಿಮಗೆಲ್ಲ ಯಾಕೆ ತಲೆನೋವು ಅಂತ.

ಬಾಚಣಿಗೆಯಿಂದಲೇ ತಲೆಗೆ ಒಂದು ಕುಟ್ಟಿದೆ. "ಒಪ್ಕೊಂಡ್ರೆ ನನ್ನ ಮುಖ ನೋಡಬೇಡ. ನಿನ್ನ ಜಾಗಕ್ಕೆ ವಾಪಸ್ ಕರ್ಕೊಂಡು ಬರ್ತೀನಿ, ಬರೆದಿಟ್ಕೊ."

ಅವಳು ಬರೆದುಕೊಳ್ಳಲಿಲ್ಲ, ಕೈ ಇಲ್ಲವಲ್ಲ. ನಾನೇ ಇಲ್ಲಿ ಬರೆದಿಟ್ಟಿದ್ದೇನೆ. ಹೇಗೆ ಕರೆದುಕೊಂಡು ಬರುವುದು, ಆ ದೇವರಿಗೇ ಗೊತ್ತು.

ಜನವರಿ ೧೯, ಭಾನುವಾರ

ಸೈಕಲ್ ಅಂಗಡಿಯ ಮಹಡಿಯ ಮೇಲೆ ಸಭೆ. ಟ್ಯೂಬು, ಟೈರುಗಳ ನಡುವೆ ಮಂಡಿ ಮಡಚಿ ಕೂತೆವು. ಉದ್ದಣ್ಣ ಎದ್ದು ನಿಂತು ಸಂಘಟನೆಯ ಮಹತ್ವ, ಸಾಮೂಹಿಕ ಚೌಕಾಸಿ ಎಂದೆಲ್ಲ ಭಾಷಣ ಶುರುವಿಟ್ಟ. ದೊಡ್ಡಮ್ಮ ತೂಕಡಿಸಿದಳು. ನನಗೆ ತಡೆಯಲಾಗಲಿಲ್ಲ.

"ಉದ್ದಣ್ಣ, ಬಾಯಲ್ಲಿ ಕಲ್ಲು ಹಾಕ್ಕೊಂಡು ಮಾತಾಡ್ಬೇಡ. ಈಗ ನಾವು ಮಾಡಬೇಕಾಗಿರೋದೇನು, ಅದನ್ನ ಹೇಳು."

ಆಮೇಲೆ ಸರಿಯಾಗಿ ಹೇಳಿದ. ಸೇರುವವರೆಲ್ಲ ಸದಸ್ಯತ್ವದ ಚೀಟಿಗೆ ಸಹಿ ಹಾಕಬೇಕು. ಅರ್ಧಕ್ಕಿಂತ ಹೆಚ್ಚು ಜನವಾದರೆ ಮಾನ್ಯತೆ ಕೊಡಿ ಎಂದು ಕಂಪನಿಯನ್ನು ಕೇಳಬಹುದು. ಅವರು ಒಪ್ಪದಿದ್ದರೆ ಕಾರ್ಮಿಕ ಇಲಾಖೆಯವರು ಬಂದು ಗುಪ್ತ ಮತದಾನ ಮಾಡಿಸುತ್ತಾರೆ. ಗೆದ್ದರೆ ಕಂಪನಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕುರ್ಚಿಯಲ್ಲಿ ಕೂರಿಸಿ ಕಳಿಸುವಂತಿಲ್ಲ, ನಾವು ಆರಿಸಿದವರ ಜೊತೆ ಕೂತು ಎಲ್ಲರ ಪರವಾಗಿ ಮಾತಾಡಲೇಬೇಕು. ಸೇರಿದ ಕಾರಣಕ್ಕೆ ಯಾರನ್ನೂ ತೆಗೆಯುವಂತಿಲ್ಲ, ಅದು ಕಾನೂನು.

"ಇಷ್ಟೇನಾ?" ಎಂದೆ. "ಇಷ್ಟಕ್ಕೆ ವರ್ಷದಿಂದ ಕಿವಿ ಕೊರೀತಿದ್ಯಾ?"

ಸಹಿ ಹಾಕಿದೆ. ರೋಲರ್ ಸಾಲಿನವರಿಗೆ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದರು. ಹೇಳಿಬಿಡುತ್ತೇನೆ, ಅಲ್ಲಿಗೆ ನನ್ನದು ಮುಗಿಯಿತು.

ಜನವರಿ ೨೮, ಮಂಗಳವಾರ

ರೋಲರಿನ ಸದ್ದಿಗೆ ನಮ್ಮಲ್ಲಿ ಕೈಮಾತು ಬೆಳೆದಿದೆ. ಟೀ, ನೀರು, ಬಚ್ಚಲು, ಸೀಟಿ ಬಂದ, ಸೀಟಿ ಹೋದ, ಎಲ್ಲಕ್ಕೂ ಒಂದೊಂದು ಸನ್ನೆ. ಈಗ ಸಹಿಗೂ ಒಂದು ಹುಟ್ಟಿಕೊಂಡಿದೆ: ಮೂಗಿನ ತುದಿ ತುರಿಸಿಕೊಳ್ಳುವುದು. ಇವತ್ತು ಇಡೀ ಸಾಲು ಮೂಗು ತುರಿಸಿಕೊಂಡಿತು. ಸೀಟಿ ಪಾಪ, ಧೂಳು ಜಾಸ್ತಿಯಾಗಿದೆ ಎಂದು ನೆಲ ಒರೆಸಲು ಹೇಳಿದ.

ಚೀಟಿಗಳೆಲ್ಲ ನಮ್ಮ ಅಡುಗೆಮನೆಯಲ್ಲೇ ತುಂಬುತ್ತಿವೆ. ಯಜಮಾನರಿಗೆ ಇರುಸುಮುರುಸು. "ನಮಗ್ಯಾಕೆ ಊರ ಉಸಾಬರಿ" ಅಂದರು. ಅತ್ತೆ ಒಳಗಿನಿಂದಲೇ, "ನೀನು ಸುಮ್ನೆ ಬಸ್ ಓಡ್ಸು, ಮನೆ ಓಡ್ಸೋದು ನಾವು ನೋಡ್ಕೋತೀವಿ" ಅಂದರು. ಮದುವೆಯಾದ ಮೇಲೆ ಅತ್ತೆ ನನ್ನ ಪರ ಮಾತಾಡಿದ್ದು ಇದೇ ಮೊದಲು. ಖುಷಿಗೆ ಟೀಗೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ.

ಫೆಬ್ರವರಿ ೩, ಸೋಮವಾರ

ಕಂಪನಿಗೆ ಗೊತ್ತಾಯಿತು. ಉದ್ದಣ್ಣ ಅರ್ಜಿ ಕೊಟ್ಟಿದ್ದಾನೆ. ಮತದಾನಕ್ಕೆ ದಿನ ಗೊತ್ತಾಗಿದೆ.

ಮ್ಯಾನೇಜರ್ ನನ್ನನ್ನು ಕರೆಸಿದ. ಅದೇ ಕುರ್ಚಿ. ನನ್ನನ್ನು ಮೇಲ್ವಿಚಾರಕಿಯನ್ನಾಗಿ ಮಾಡುತ್ತಾನಂತೆ. ನಿಲ್ಲುವಂತಿಲ್ಲ, ಬಿಸಿಯಿಲ್ಲ, ಫ್ಯಾನಿನ ಕೆಳಗೆ ಮೇಜು. "ನಿಮ್ಮಂಥ ಬುದ್ಧಿವಂತರು ಆ ಗುಂಪಲ್ಲಿ ಯಾಕಿರಬೇಕು?" ಎಂದ. ಮನೆಗೆ ಬಂದು ಹೇಳಿದರೆ ಯಜಮಾನರ ಮುಖ ಬೆಳಗಿತು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಬರೆಯಲಿ. ಕಾಲು ಊದಿಕೊಳ್ಳದ ಸಂಜೆ ಹೇಗಿರುತ್ತದೆ ಎಂದು ಯೋಚಿಸುತ್ತಾ ಕೂತಿದ್ದೆ.

ಫೆಬ್ರವರಿ ೪, ಮಂಗಳವಾರ

ಬೇಡವೆಂದು ಹೇಳಿ ಬಂದೆ. ಯಜಮಾನರು ಮಾತು ಬಿಟ್ಟಿದ್ದಾರೆ.

ಫೆಬ್ರವರಿ ೧೩, ಗುರುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು. ನಗು ತಡೆದುಕೊಂಡು ಬರೆಯಬೇಕು.

ನಿನ್ನೆ ಕಂಪನಿ ಹೊಸ ನೋಟೀಸು ಅಂಟಿಸಿತ್ತು. ಕಂಬಿಯನ್ನು ಯಾರೂ ಕಟ್ಟಕೂಡದು, ಕಟ್ಟಿದವರನ್ನು ಕೂಡಲೇ ತೆಗೆಯಲಾಗುವುದು. ರೋಲರ್ ನಿಂತರೆ ಮೆಕ್ಯಾನಿಕ್ಕೇ ಕೀಲಿ ತಿರುಗಿಸಬೇಕು. ದಿನದ ಗುರಿ ಮಾತ್ರ ಇದ್ದಷ್ಟೇ. ಗುಬ್ಬಿಯ ಮೇಲಿನ ತಪ್ಪನ್ನು ಗಟ್ಟಿ ಮಾಡಿಕೊಳ್ಳಲು ಆಡಿದ ಆಟ ಇದು. ಉದ್ದಣ್ಣ ಮುಷ್ಕರ ಮಾಡೋಣ ಎಂದ. ನಾನೆಂದೆ, "ಯಾಕೆ ಮುಷ್ಕರ? ಹೇಳಿದ ಮಾತು ಕೇಳೋಣ. ಅಕ್ಷರ ಬಿಡದೆ ಕೇಳೋಣ."

ಬೆಳಿಗ್ಗೆ ಎಲ್ಲರೂ ಪಟ್ಟಿಗಳನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆವು. ಶುರುವಾಯಿತು. ಶೀಟಿನ ಉಂಡೆ ತಗುಲಿತು, ನಿಂತಿತು. ಮೆಕ್ಯಾನಿಕ್ ಬಂದ, ಕೀಲಿ ತಿರುಗಿಸಿದ, ಹೋದ. ಪಕ್ಕದ ರೋಲರ್ ನಿಂತಿತು. ಇಡೀ ಕಾರ್ಖಾನೆಗೆ ಅವನೊಬ್ಬನೇ. ಒಂದಕ್ಕೆ ತಿರುಗಿಸುವಷ್ಟರಲ್ಲಿ ಇನ್ನೊಂದು. ನಾವು ಕೈಕಟ್ಟಿಕೊಂಡು ಒಳ್ಳೆಯ ಮಕ್ಕಳ ಹಾಗೆ ನಿಂತಿದ್ದೆವು.

ಒಂದು ಫಜೀತಿ. ನಮ್ಮ ರೋಲರ್ ಮಾತ್ರ ಸ್ವಲ್ಪ ಹೊತ್ತಿನಿಂದ ನಿಲ್ಲದೆ ಓಡುತ್ತಿತ್ತು. ಗುಬ್ಬಿಯ ಜಾಗಕ್ಕೆ ಬಂದವಳು ನನ್ನ ಕಡೆ ಕೈ ತೋರಿಸುತ್ತಿದ್ದಳು. ನೋಡಿದರೆ ನನ್ನ ಎಡಗಡೆ ಕಂಬಿಗೆ ಗಂಟು ಬಿದ್ದಿದೆ! ಯಾವಾಗ ಕಟ್ಟಿದೆನೋ ದೇವರಾಣೆಗೂ ಗೊತ್ತಿಲ್ಲ. ಕೈ ತನ್ನಷ್ಟಕ್ಕೆ ಪಟ್ಟಿ ಹರಿದು ಕಟ್ಟಿಬಿಟ್ಟಿದೆ. ಉಪಾಯ ಹೇಳಿಕೊಟ್ಟವಳೇ ನಾನು! ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾಚಿಕೆಯಿಂದ ಬಿಚ್ಚಿದೆ.

ಮಧ್ಯಾಹ್ನದ ಹೊತ್ತಿಗೆ ಒದ್ದೆ ಶೀಟುಗಳು ಎದೆಯೆತ್ತರ ಬಿದ್ದಿದ್ದವು. ಸೀಟಿ ಬೆವರಿಳಿಸುತ್ತಾ ನನ್ನ ಹತ್ತಿರ ಬಂದ. ಈ ಸಲ ಸೀಟಿ ಊದಲಿಲ್ಲ, ಕಿವಿಗೆ ಬಾಯಿಟ್ಟು ಹೇಳಿದ, "ಕಟ್ಟಮ್ಮಾ, ಏನಾಗಲ್ಲ. ನಾನಿದ್ದೀನಲ್ಲ."

"ಹಾಗಂತ ನೋಟೀಸ್ ಪಕ್ಕದಲ್ಲೇ ಬರೆದು ಅಂಟಿಸಿ ಸಾರ್, ಕಟ್ತೀನಿ."

ಆಸ್ಪತ್ರೆಯಿಂದ ಶೀಟು ಎಲ್ಲಿ ಎಂದು ಫೋನಿನ ಮೇಲೆ ಫೋನು. ಮುಖ್ಯ ನರ್ಸ್ ತಾನೇ ಹೊರಟು ಬಂದಳು. ಮ್ಯಾನೇಜರ್ ಅವಳಿಗೆ ಸಮಾಧಾನ ಹೇಳುತ್ತಾ ಮೆಟ್ಟಿಲಿಳಿದು ಬರುತ್ತಿದ್ದ. ಬೆನ್ನು ಹಾಕಿದ್ದ ಸೀಟಿಗೆ ಅದು ಕಾಣಲಿಲ್ಲ. ಅವನ ಸಹನೆ ಮುಗಿದಿತ್ತು. ಬುಟ್ಟಿಯಿಂದ ಒಂದು ಪಟ್ಟಿ ಎತ್ತಿಕೊಂಡು, ಎಡಗಡೆ ಒಂದು ಗಂಟು, ಬಲಗಡೆ ಒಂದು ಗಂಟು, ಸರಸರನೆ ನಮ್ಮ ಕಂಬಿ ಕಟ್ಟಿದ. ಎಂಥ ಚೊಕ್ಕಟವಾದ ಗಂಟು! ನಮಗೆಲ್ಲ ಹೇಳಿಕೊಟ್ಟ ಗುರುವಲ್ಲವೇ.

ತಿರುಗಿ ನೋಡಿದರೆ ಹಿಂದೆ ಮ್ಯಾನೇಜರ್, ನರ್ಸ್ ಮತ್ತು ನಾವೆಲ್ಲ. ರೋಲರುಗಳೆಲ್ಲ ನಿಂತಿದ್ದರಿಂದ ಎಲ್ಲರ ಮಾತೂ ಕೇಳುತ್ತಿತ್ತು. ನರ್ಸ್ ಕೇಳಿದಳು, "ಇದನ್ನ ಕಟ್ಟಿದ್ರಲ್ಲ, ಕೈ ಹೋದ್ರೆ ನಿಲ್ಲುತ್ತಾ?"

ದೊಡ್ಡಮ್ಮ ಹೇಳಿದಳು, "ನಿಲ್ಲಲ್ಲ ತಾಯಿ. ಹೋದ ತಿಂಗಳು ನಿಮ್ಮ ಆಸ್ಪತ್ರೆಗೇ ಒಬ್ಬಳನ್ನ ಕಳ್ಸಿದ್ವಲ್ಲ."

ರಾತ್ರಿ ಮನೆಯಲ್ಲಿ ಯಜಮಾನರು ನಗುತ್ತಾ ಎರಡನೇ ಸಲ ಕಥೆ ಹೇಳಿಸಿದರು. ಮಾತು ಬಿಟ್ಟಿದ್ದು ಅವರಿಗೆ ಮರೆತೇಹೋಗಿತ್ತು.

ಫೆಬ್ರವರಿ ೨೭, ಗುರುವಾರ

ಗೆದ್ದೆವು! ಕ್ಯಾಂಟೀನಿನಲ್ಲಿ ಪರದೆ ಕಟ್ಟಿ ಮತದಾನ ಆಯಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ನಮ್ಮ ಕಡೆ. ಎಣಿಸಿದ ಅಧಿಕಾರಿ ಫಲಿತಾಂಶ ಓದಿದಾಗ ಉದ್ದಣ್ಣ ಮಗುವಿನ ಹಾಗೆ ಅತ್ತ. ಅಷ್ಟುದ್ದದ ಮನುಷ್ಯನನ್ನು ತಬ್ಬಿ ಸಮಾಧಾನ ಮಾಡಲು ಬೆಂಚು ಹತ್ತಬೇಕಾಯಿತು.

ಮಾತುಕತೆಗೆ ಐದು ಜನರನ್ನು ಆರಿಸಿದರು. ನನ್ನ ಹೆಸರು ಯಾರು ಹೇಳಿದರೋ. ರೋಲರ್ ಸಾಲಿನಿಂದ ಬೇರೆ ಯಾರೂ ಸಿಗಲಿಲ್ಲವೇನೋ.

ಮಾರ್ಚ್ ೧೦, ಸೋಮವಾರ

ಮೂರನೇ ಸಲ ಮೇಜಿನ ಮುಂದೆ ಕೂತೆವು. ಕಂಪನಿ ಬಹಳ ಇಳಿದಿದೆ. ಎಲ್ಲ ರೋಲರಿಗೂ ಹೊಸ ಕಂಬಿ. ನಿಂತರೆ ಮೆಕ್ಯಾನಿಕ್ಕಿಗೆ ಕಾಯದೆ ಮತ್ತೆ ಓಡಿಸಲು ನಮ್ಮ ಕೈಗೆಟುಕುವಲ್ಲೇ ಗುಂಡಿ. ಗುರಿ ಕಡಿಮೆ. ಮಡಿಸುವವರಿಗೆ ಸ್ಟೂಲು, ಬಾಯ್ಲರ್ ಕೋಣೆಗೆ ಕಿಟಕಿ. ಗುಬ್ಬಿಯದು ಮಾತ್ರ ಆಗದು, ಅವಳ ವಿಚಾರಣೆ ಬೇರೆ ವಿಷಯ ಎಂದು ಮ್ಯಾನೇಜರ್ ಹಟ ಹಿಡಿದ. ಅವಳನ್ನು ತೆಗೆದುಕೊಂಡರೆ ತಪ್ಪು ತಮ್ಮದೆಂದು ಒಪ್ಪಿದ ಹಾಗಾಗುತ್ತದಲ್ಲ.

ಹೊರಗೆ ಬಂದು ನಾವೈವರೇ ಮಾತಾಡಿಕೊಂಡೆವು. ಉದ್ದಣ್ಣನೇ ಮೆತ್ತಗಾಗಿದ್ದ. "ಇಷ್ಟು ಸಿಗ್ತಿದೆ ಅಕ್ಕ. ಒಬ್ಬರಿಗೋಸ್ಕರ ಎಲ್ಲರದ್ದೂ ಕೈಬಿಟ್ಟುಹೋದ್ರೆ?"

ಅವನ ಮಾತು ತಪ್ಪಲ್ಲ. ನಾನು ಗುಬ್ಬಿಯ ಪರ ಕೂಗಾಡಿದರೆ ಗೆಳತಿಗಾಗಿ ಕೂಗಾಡುತ್ತಾಳೆ ಎಂದಾಗುತ್ತದೆ. "ನಾವೈದು ಜನ ಇದನ್ನ ತೀರ್ಮಾನ ಮಾಡೋದು ಬೇಡ. ಎಲ್ಲರನ್ನೂ ಕೇಳೋಣ. ಅವರು ಬೇಡ ಅಂದ್ರೆ ನಾನು ಬಾಯಿ ಮುಚ್ಕೋತೀನಿ" ಎಂದೆ. ನಾಳೆ ಟೀ ಹೊತ್ತಿಗೆ ಕೇಳುತ್ತೇವೆ.

ಮಾರ್ಚ್ ೧೧, ಮಂಗಳವಾರ

ಅಂಗಳದಲ್ಲಿ ಎಲ್ಲರೂ ಸೇರಿದರು. ಉದ್ದಣ್ಣ ಎರಡೂ ಬದಿಯನ್ನು ಪ್ರಾಮಾಣಿಕವಾಗಿ ಹೇಳಿದ. ಸಿಗುವುದೇನು, ಕಳೆದುಕೊಳ್ಳಬಹುದಾದ್ದೇನು. ನಾನು ಒಂದು ಮಾತೂ ಆಡಲಿಲ್ಲ. ಮೆಣಸಕ್ಕ ಸುಮ್ಮನಿದ್ದದ್ದು ನೋಡಿ ಕೆಲವರಿಗೆ ಗಾಬರಿಯಾಯಿತಂತೆ.

ದೊಡ್ಡಮ್ಮ ಎದ್ದು ನಿಂತಳು. ಸ್ಟೂಲು ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅವಳಿಗೆ. "ಮಡಿಸೋಕೆ ಬರೋ ಮುಂಚೆ ರೋಲರಲ್ಲಿದ್ದಾಗ ನಾನೂ ದಿನಾ ಕಟ್ಟಿದ್ದೀನಿ. ಸಿಕ್ಕಿದ್ದು ಅವಳ ಕೈ, ಅಷ್ಟೆ. ಅವಳು ಬರೋವರೆಗೂ ನನಗೆ ಸ್ಟೂಲು ಬೇಡ, ನಿಂತ್ಕೊಂಡೇ ಇರ್ತೀನಿ" ಎಂದು ಕೈ ಎತ್ತಿದಳು.

ಆಮೇಲೆ ಬಾಯ್ಲರಿನವನ ಕರಿಹಿಡಿದ ಕೈ. ಆಮೇಲೆ ಒಗೆಯುವವರ ಬೆಳ್ಳಗೆ ನೆನೆದ ಕೈಗಳು, ರೋಲರ್ ಸಾಲಿನವರ ಸುಟ್ಟ ಗೆರೆಗಳ ಕೈಗಳು. ಅಂಗಳದಲ್ಲಿ ಕೆಳಗಿದ್ದ ಕೈ ಒಂದೂ ಇರಲಿಲ್ಲ. ಉದ್ದಣ್ಣ ತನ್ನದೂ ಎತ್ತಿದ, ಎಲ್ಲಕ್ಕಿಂತ ಎತ್ತರಕ್ಕೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹೆಮ್ಮೆಗೂ ಅಳು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೇಲಿನ ಕಿಟಕಿಯಲ್ಲಿ ಮ್ಯಾನೇಜರ್ ನಿಂತು ನೋಡುತ್ತಿದ್ದ.

ಮಾರ್ಚ್ ೧೪, ಶುಕ್ರವಾರ

ಒಪ್ಪಿದರು. ಅಮಾನತು ರದ್ದು. ಗುಬ್ಬಿ ತನ್ನ ಜಾಗಕ್ಕೇ ಬರುತ್ತಾಳೆ, ಮನೆಯಲ್ಲಿದ್ದ ದಿನಗಳ ಸಂಬಳವೂ ಸೇರಿ. ಸುದ್ದಿ ಹೇಳಲು ಬಸ್ಸಿಗೂ ಕಾಯದೆ ಓಡಿದೆ. ಈ ವಯಸ್ಸಿನಲ್ಲಿ, ನಡುರಸ್ತೆಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು.

ಏಪ್ರಿಲ್ ೭, ಸೋಮವಾರ

ಬಹಳ ದಿನವಾಯಿತು ಬರೆದು. ಪುರುಸೊತ್ತೇ ಇಲ್ಲ. ಗಾಡಿಯವರ ಪಾಳಿಯದೊಂದು ತಕರಾರು, ಅವರ ಜೊತೆ ಕೂತು ಮಾತಾಡಬೇಕಿತ್ತು. ಪಕ್ಕದ ಬೀದಿಯ ಬಿಸ್ಕತ್ತು ಕಾರ್ಖಾನೆಯ ಹೆಂಗಸರು ನಮ್ಮ ಯೂನಿಯನ್ ಹೇಗೆ ಕಟ್ಟಿದಿರಿ ಎಂದು ಕೇಳಿಕೊಂಡು ಮನೆಗೇ ಬಂದಿದ್ದರು. ಅತ್ತೆ ನನಗಿಂತ ಮೊದಲೇ ಅರ್ಧ ಹೇಳಿ ಮುಗಿಸಿದ್ದರು.

ಆದರೆ ಇವತ್ತಿನದು ಬರೆಯದಿದ್ದರೆ ಆಗದು. ಗುಬ್ಬಿ ಬಂದಳು.

ಅಂಗೈಯ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕಿದೆ, ಬೆರಳು ಪೂರ್ತಿ ಮಡಚುವುದಿಲ್ಲ. ರೋಲರಿನ ಮುಂದೆ ಬಂದು ನಿಂತವಳ ಮುಖ ಬಿಳಿಚಿಕೊಂಡಿತು. ನಾನು ಶೀಟಿನ ನನ್ನ ತುದಿ ಎತ್ತಿದೆ. ಅವಳು ಎತ್ತಲಿಲ್ಲ. ರೋಲರನ್ನೇ ನೋಡುತ್ತಿದ್ದಳು. ಸಾಲಿನವರೆಲ್ಲ ಕೆಲಸ ಬಿಟ್ಟು ಅವಳನ್ನು ನೋಡುತ್ತಿದ್ದರು. ಸೀಟಿಯೂ ನೋಡುತ್ತಿದ್ದ.

ಗುಬ್ಬಿ ಬೆಂದ ಕೈಯನ್ನೇ ಮುಂದೆ ಚಾಚಿ ಕಂಬಿಯನ್ನು ಮುಟ್ಟಿದಳು.

ರೋಲರ್ ನಿಂತಿತು.

ಗುಂಡಿ ಒತ್ತಿದಳು, ಓಡಿತು. ಮತ್ತೆ ಮುಟ್ಟಿದಳು, ನಿಂತಿತು. ಅಷ್ಟು ದೊಡ್ಡ ಯಂತ್ರ, ಇಷ್ಟು ಸಣ್ಣ ಹೆಂಗಸು. ಸೀಟಿ ತುಟಿಗಿಟ್ಟಿದ್ದ ಸೀಟಿಯನ್ನು ಊದದೆ ಜೇಬಿಗಿಳಿಸಿದ. ಮೂರನೇ ಸಲ ನಿಲ್ಲಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು.

"ಸಾಕು ಬಾರೇ, ಕೆಲಸ ಇದೆ" ಎಂದೆ.

"ತಡಿ ಅಕ್ಕ," ಎಂದಳು ಗುಬ್ಬಿ, ಕಣ್ಣಿನ ನೀರು ಒರೆಸಿಕೊಳ್ಳದೆಯೇ ನಗುತ್ತಾ, "ಇನ್ನೊಂದ್ಸಲ."